ವಿನ್ನಿ ಟಿಂಡಲ್ ಹೆಸರಿನಲ್ಲಿ ಬಂದ ಕಥೆ

ಬಕ್ ಹಾರ್ಕರ್ ಯಾರೆಂದು ಸಿಡ್ನಿಯಲ್ಲಿ ಯಾವ ಟ್ರಾಮ್ ಡ್ರೈವರನನ್ನು ಕೇಳಿದ್ದರೂ ಹೇಳುತ್ತಿದ್ದ: ಟೆಕ್ಸಾಸಿನ ಗಂಡುಗಲಿ, ಕಾಡುಕುದುರೆ ಪಳಗಿಸಿದವನು, ಅನುಭವಿಸಿದ್ದನ್ನೇ ಬರೆಯುವವನು. ಆ ಗಂಡುಗಲಿ ಅದೇ ಸಿಡ್ನಿಯ ಸರ‍್ರಿ ಹಿಲ್ಸ್‌ನ ಒಂದು ಓಣಿಯಲ್ಲಿ, ಒಲೆಯ ಮೇಲಿನ ಕುರಿಮಾಂಸ ತಳ ಹಿಡಿಯದಂತೆ ಒಂದು ಕಣ್ಣಿಟ್ಟು, ಅಡುಗೆಮನೆ ಮೇಜಿನಲ್ಲಿ ಟೈಪ್‌ರೈಟರ್ ಕುಟ್ಟುವ ವಿನ್ನಿ ಟಿಂಡಲ್ ಎಂಬ ಹೆಂಗಸು ಎಂಬುದು ಮನೆಯವರನ್ನೂ ಪಕ್ಕದ ಮನೆಯವರನ್ನೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ವಿನ್ನಿ ಹಾಲಿನ ಗಾಡಿಯ ಕುದುರೆ ಕಂಡರೂ ಪಕ್ಕಕ್ಕೆ ಸರಿಯುವವಳು. ಅವಳ ಟೆಕ್ಸಾಸಿನಲ್ಲಿ ನಡುಮಧ್ಯಾಹ್ನದ ಸೂರ್ಯ ಸಿಡ್ನಿಯಲ್ಲಿರುವ ಹಾಗೆ ಉತ್ತರಕ್ಕೆ ವಾಲಿರುತ್ತಿದ್ದ; ನಿಜವಾದ ಟೆಕ್ಸಾಸಿನಲ್ಲಿ ಅವನು ವಾಲುವುದು ದಕ್ಷಿಣಕ್ಕೆ. ಓದುವವರ ತಲೆಯ ಮೇಲೂ ಅದೇ ಸೂರ್ಯನಾದ್ದರಿಂದ ಒಬ್ಬರೂ ಚಕಾರವೆತ್ತಲಿಲ್ಲ. ಯುದ್ಧದ ಸಮಯದಲ್ಲಿ ಇಲ್ಲಿನ ಸರ್ಕಾರ ಅಮೆರಿಕದ ಅಗ್ಗದ ಕಥಾಪತ್ರಿಕೆಗಳಿಗೆ ಬಾಗಿಲು ಹಾಕಿದ್ದರಿಂದಲೇ ಇಂಥ ಸ್ಥಳೀಯ ಬರಹಗಾರರ ಒಲೆ ಉರಿಯುತ್ತಿತ್ತು.

ಪ್ರಕಾಶಕ ಪಾಸ್ಕೋನದು ತಲೆಕೆಳಗಾದ ಪದ್ಧತಿ. ಮೊದಲು ಮುಖಪುಟ, ಆಮೇಲೆ ಕಥೆ. ಬಣ್ಣದ ಅಚ್ಚು ದುಬಾರಿಯೆಂದು ಮುಖಪುಟಗಳನ್ನು ತಿಂಗಳುಗಟ್ಟಲೆ ಮುಂಚೆಯೇ ಒಟ್ಟಿಗೆ ಅಚ್ಚು ಹಾಕಿಸಿ ಅಟ್ಟಕ್ಕೇರಿಸಿರುತ್ತಿದ್ದ. ಚಿತ್ರದಲ್ಲಿ ಬಂಡೆಯ ಹಿಂದೆ ಬಂದೂಕು ಹಿಡಿದ ಹೆಂಗಸಿದ್ದರೆ ವಿನ್ನಿಯ ಕಥೆಗೂ ಬಂಡೆ ಬೇಕು, ಬಂದೂಕು ಬೇಕು, ಹೆಂಗಸೂ ಬೇಕು. ಬಕ್ ಹಾರ್ಕರ್ ಎಂಬ ಹೆಸರು ಕೂಡ ಪಾಸ್ಕೋನ ಸ್ವತ್ತೇ.

ಈಗ, ಯುದ್ಧ ಮುಗಿದು ವರ್ಷಗಳಾದ ಮೇಲೆ, ಸರ್ಕಾರ ಹಾಕಿದ್ದ ಆ ಬಾಗಿಲು ಮತ್ತೆ ತೆರೆಯುತ್ತಿತ್ತು.

“ಮುಗೀತು ವಿನ್ನಿ,” ಎಂದ ಪಾಸ್ಕೋ. “ಅಮೆರಿಕದವ್ರು ಹಡಗುಗಟ್ಟಲೆ ತಂದು ಸುರೀತಾರೆ. ಇನ್ನೊಂದೇ ಸಂಚಿಕೆ, ಆಮೇಲೆ ಅಂಗಡಿ ಬಂದ್.”

“ಹಾಗಾದ್ರೆ ಅದನ್ನ ನನಗೆ ಬಿಡಿ. ನನ್ನ ಕಥೆ, ನನ್ನ ಹೆಸರು: ವಿನಿಫ್ರೆಡ್ ಟಿಂಡಲ್.”

“ವಿನಿಫ್ರೆಡ್ ಅನ್ನೋಳು ಕುದುರೆ ಹತ್ತಿದ್ರೆ ಕುದುರೇನೇ ನಗುತ್ತಲ್ಲಮ್ಮ!”

“ನಗ್ಲಿ. ಇಷ್ಟು ವರ್ಷ ನಿಮ್ಮ ಬಕ್ಕನ್ನ ನಾನು ಹೊತ್ತಿದೀನಿ. ಒಂದ್ಸಲ ನೀವು ನನ್ನನ್ನ ಹೊರಿ.”

ಪಾಸ್ಕೋ ಕತ್ತು ತುರಿಸಿಕೊಂಡ. “ಆಯ್ತು ಮಾರಾಯ್ತಿ. ಮುಖಪುಟ ಆಗ್ಲೇ ಅಚ್ಚಾಗಿದೆ. ಒಳಗೆ, ಕಥೆ ತಲೆ ಮೇಲೆ ನಿನ್ನ ಹೆಸರು ಹಾಕ್ತೀನಿ.”

ಆ ಮುಖಪುಟದಲ್ಲಿ ಏನಿದೆ ಎಂದು ವಿನ್ನಿ ಕೇಳಲಿಲ್ಲ. ಅವಳ ತಲೆಯಲ್ಲಿ ಇದ್ದವನು ಅಣ್ಣ ಆರ್ಚಿ ಒಬ್ಬನೇ. ಟ್ರಾಮ್ ಕಂಡಕ್ಟರ್ ಆಗಿದ್ದ ಆರ್ಚಿ ಯುದ್ಧಕ್ಕೆ ಹೋಗಿ, ಜಪಾನಿಯರ ಸೆರೆಯಾಳಾಗಿ, ಬರ್ಮಾದ ಕಾಡಿನಲ್ಲಿ ರೈಲುಹಳಿ ಹಾಕುತ್ತಾ ಸತ್ತಿದ್ದ. ಕಣ್ಣಿಗೆ ಪೊರೆ ಬಂದು ಮೂಲೆ ಹಿಡಿದ ಅಮ್ಮನಿಗೆ ಅವನದೇ ಧ್ಯಾನ.

“ಸತ್ತವರ ಪಟ್ಟೀಲಿ ಬಿಟ್ರೆ ನನ್ನ ಮಗನ ಹೆಸರು ಎಲ್ಲಾದ್ರೂ ಅಚ್ಚಾಗಿದ್ಯೇನೆ? ಯಾರ‍್ಯಾರೋ ಪುಂಡರ ಕಥೆ ಬರೀತೀಯ. ನಾನು ಹೋಗೋ ಮುಂಚೆ ಅವನದೊಂದು ಬರೆದು ಓದಿ ಹೇಳೇ.”

ಅವನ ನಿಜವಾದ ಹೆಸರನ್ನೇ ಇಟ್ಟು ಬರೆದಳು. ಬರಿಗಾಲಿನ ಹುಡುಗರು ಟ್ರಾಮ್ ಹತ್ತಿದರೆ ಆರ್ಚಿ ಟಿಕೆಟ್ ಕೇಳದೆ ಕಿಟಕಿಯಾಚೆ ಏನೋ ಕಂಡವನಂತೆ ಮುಖ ತಿರುಗಿಸುತ್ತಿದ್ದುದು, ಅಮ್ಮನ ಬಟ್ಟೆ ಕುದಿಸುವ ಹಂಡೆಗೆ ಬೆಸುಗೆ ಹಾಕಲು ಹೋಗಿ ಹುಬ್ಬು ಸುಟ್ಟುಕೊಂಡದ್ದು, ಅವನು ಮದುವೆಯಾಗಬೇಕಿದ್ದ ಪಕ್ಕದ ಮನೆಯ ನೋಲೀನಳ ಜೊತೆ ಕೂಜಿ ಎಂಬ ಕಡಲತೀರದಲ್ಲಿ ಈಜಿದ್ದು. ಬಕ್ ಹಾರ್ಕರ್ ಆಗಿ ಎಷ್ಟೋ ಜನರನ್ನು ಲೀಲಾಜಾಲವಾಗಿ ಕೊಂದವಳಿಗೆ ಈ ಒಂದು ಸಾವು ಬರೆಯಲು ಕೈ ಬರಲಿಲ್ಲ. ಹಡಗಿನಿಂದ ಅವನು ಕೈ ಬೀಸುವಲ್ಲಿಗೇ ನಿಲ್ಲಿಸಿ, ಮೇಜಿನ ಮೇಲೆ ತಲೆಯಿಟ್ಟು ಅತ್ತಳು.

ಸಂಚಿಕೆ ಬಂದ ದಿನ ಪಾಸ್ಕೋನ ಕಚೇರಿಯಲ್ಲೇ ನಿಂತು ಬಿಡಿಸಿದಳು. ಮುಖಪುಟದಲ್ಲಿ ಮುಸುಕು ಹಾಕಿದವನೊಬ್ಬ ಹಣದ ಚೀಲದೊಂದಿಗೆ ರೈಲಿನಿಂದ ಜಿಗಿಯುತ್ತಿದ್ದ. ಒಳಗೆ ದಪ್ಪ ಅಕ್ಷರದಲ್ಲಿ ‘ವಿನಿಫ್ರೆಡ್ ಟಿಂಡಲ್’. ಅದರ ಕೆಳಗೆ ಟ್ರಾಮ್ ರೈಲಾಗಿತ್ತು, ಸಿಡ್ನಿ ಅಮೆರಿಕದ ಕಾನ್ಸಸ್ ಆಗಿತ್ತು. ರೈಲುಗಳ್ಳ ಆರ್ಚಿ ಟಿಂಡಲ್ ಜೊತೆಗಾರನ ಬೆನ್ನಿಗೆ ಗುಂಡು ಹೊಡೆದು, ನೋಲೀನ್ ಎಂಬ ಹೆಂಡದಂಗಡಿಯ ಹೆಣ್ಣಿನೊಡನೆ ಓಡಿಹೋಗಿದ್ದ.

“ಇದೇನ್ರೀ ಮಾಡಿದೀರಿ!”

“ಮೇಲೆ ಕಳ್ಳನ್ನ ತೋರಿಸಿ ಒಳಗೆ ಟಿಕೆಟ್ ಹರಿಯೋನ್ನ ಇಟ್ರೆ ಓದೋರು ಉಗೀತಾರೆ ವಿನ್ನಿ. ಹೆಸರುಗಳನ್ನ ಮುಟ್ಟಿಲ್ಲ ನೋಡು, ನಿನ್ನದೂ ಹಾಕಿದೀನಿ.” ಪಾಸ್ಕೋ ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ನಿಜಕ್ಕೂ ತಾನು ಉಪಕಾರ ಮಾಡಿದೆನೆಂಬ ನಂಬಿಕೆ. ಅದಕ್ಕೇ ಅವನ ಕೆನ್ನೆಗೆ ಬಾರಿಸುವುದು ಅವಳಿಂದಾಗಲಿಲ್ಲ. ನಾನಾಗಿದ್ದರೆ ಬಾರಿಸುತ್ತಿದ್ದೆ.

ಮನೆಯಲ್ಲಿ ಅಮ್ಮ ತೊಳೆದ ಏಪ್ರನ್ ಕಟ್ಟಿಕೊಂಡು ಕಾಯುತ್ತಿದ್ದಳು. ವಿನ್ನಿ ಪತ್ರಿಕೆ ಬಿಡಿಸಿ, ಅಚ್ಚಾದದ್ದನ್ನು ಬಿಟ್ಟು, ತಾನು ಬರೆದದ್ದನ್ನು ನೆನಪಿನಿಂದಲೇ ಹೇಳಿದಳು. ಪುಟ ತಿರುಗಿಸುವುದನ್ನು ಮರೆಯಲಿಲ್ಲ. ಸುಟ್ಟ ಹುಬ್ಬಿನ ಹತ್ತಿರ ಅಮ್ಮ ನಕ್ಕಳು. ಹಡಗಿನ ಹತ್ತಿರ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಳು.

ಆಗ ಹಿತ್ತಿಲ ಬಾಗಿಲಲ್ಲಿ ನೋಲೀನ್ ನಿಂತಿದ್ದಳು. ಕೈಯಲ್ಲಿ ಅದೇ ಸಂಚಿಕೆ, ಅಂಗಡಿಯಲ್ಲಿ ಕೊಂಡದ್ದು.

“ಯಾರು, ನೋಲೀನಾ? ಓದಿದ್ಯೇನೇ ಮಗಳೇ? ನಮ್ಮ ಆರ್ಚೀನೇ ಎದ್ದು ಬಂದ ಹಾಗಿಲ್ವಾ?”

ನೋಲೀನ್ ವಿನ್ನಿಯ ಮುಖ ನೋಡಿದಳು. “ಹೌದಮ್ಮ. ಅವನೇ ಎದ್ದು ಬಂದ ಹಾಗಿದೆ.”

ತಿರುಗಿ ಹೊರಟವಳ ಹಿಂದೆ ವಿನ್ನಿ ಗೇಟಿನವರೆಗೂ ಓಡಿದಳು. “ನೋಲೀನ್, ಅದು ನಾನು ಬರೆದಿದ್ದಲ್ಲ ಕಣೆ.”

“ಹೆಸರು ನಿಂದೇ ಅಲ್ವಾ?” ನೋಲೀನ್ ಆ ಪುಟ ತೆರೆದು ಹಿಡಿದಳು. “ಅವನು ಯಾರ ಕಾಸು ಮುಟ್ಟಿದವನು ವಿನ್ನಿ? ನಿಂಗೆ ಏನು ಮಾಡಿದ್ದ ಅವನು?”

ಒಳಗಿನಿಂದ ಅಮ್ಮ ಕೂಗುತ್ತಿದ್ದಳು: “ಅವಳನ್ನ ಕಳಿಸ್ಬೇಡ ಕಣೇ! ಇನ್ನೊಂದ್ಸಲ ಅವಳ ಬಾಯಲ್ಲಿ ಓದಿಸಿ ಕೇಳ್ತೀನಿ.”