ಎಳೆ ಜೋಳವೂ ಅಕ್ಕನ ಸಾಲಿಯೂ

ನಾನು ಚಿಕ್ಕವನಿದ್ದಾಗ ನಮ್ಮ ಹಳ್ಳಿಯಲ್ಲಿ ಮೊಣಕಾಲೆತ್ತರದ ಜೋಳಕ್ಕೆ ಯಾರೂ ದನ ಬಿಡುತ್ತಿರಲಿಲ್ಲ. ತೆನೆ ಬಿಟ್ಟು ಒಣಗಿದ ಜೋಳದ ದಂಟು, ಅಂದರೆ ಕಣಿಕೆ, ದನಗಳಿಗೆ ವರ್ಷವಿಡೀ ಮೇವು. ಅದೇ ಜೋಳ ಎಳೆಯದಿದ್ದಾಗ, ಅದರಲ್ಲೂ ಮಳೆ ಕೈಕೊಟ್ಟು ಬಾಡಿದಾಗ, ವಿಷ. ಅಪ್ಪ ಹೇಳುತ್ತಿದ್ದ: "ಸಣ್ಣ ಜ್ವಾಳಕ್ಕ ಓಡಾಕ ಕಾಲಿಲ್ಲ, ಹಾಯಾಕ ಕೋಡಿಲ್ಲ. ಅದಕ್ಕ ಮೈಯಾಗ ವಿಷಾ ಇಟ್ಕೊಂಡಿರ್ತೈತಿ."

ಅಕ್ಕ ಅದನ್ನು ಕಣ್ಣಾರೆ ಕಂಡಿದ್ದಳು. ನಾನು ಒಂದನೇ ತರಗತಿಯಲ್ಲಿದ್ದ ವರ್ಷ ನಮ್ಮ ಕೆಂಪು ಆಕಳು ಹಗ್ಗ ಹರಿದುಕೊಂಡು ಹೋಗಿ ಬಾಡಿದ ಜೋಳಕ್ಕೆ ಬಾಯಿ ಹಾಕಿತ್ತು. ಬಾಯಲ್ಲಿ ನೊರೆ, ಏದುಸಿರು, ನಡುಗುವ ಕಾಲು. ಅಕ್ಕ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಪ್ಪ ಬೆಲ್ಲದ ನೀರು ಕಲಸಿ ತರುವಷ್ಟರಲ್ಲಿ ಅದು ಹೋಗಿಬಿಟ್ಟಿತ್ತು.

ಮುಗದ ಊರಿನ ಆಚೆಗಿದ್ದ ನಮ್ಮ ಸಾಲಿಗೆ ಒಂದೇ ಕೋಣೆ. ನಾನು ಎರಡನೇ ತರಗತಿ, ಅಕ್ಕ ನಾಲ್ಕನೆಯದು, ಎಲ್ಲರಿಗೂ ಒಬ್ಬರೇ ಮಾಸ್ತರರು. ಒಂದು ದಿನ ಅವರು ಸೀಮೆಸುಣ್ಣದ ಪುಡಿ ಉದುರಿಸುತ್ತ ಹಲಗೆಯ ಮೇಲೆ ಬರೆದರು: ಜೋಳದ ಕಾಳು ಮನುಷ್ಯರಿಗೆ, ಹಸಿರೆಲೆ ದನಗಳಿಗೆ.

ಅಕ್ಕ ಎದ್ದು ನಿಂತಳು. "ಸರ, ಎಳೀ ಜ್ವಾಳದ ಎಲಿ ತಿಂದ್ರ ಆಕಳ ಸಾಯ್ತೈತ್ರಿ."

"ಓಹೋ! ಬರ್ರಿ ಪಂಡಿತರ, ನನ್ನ ಕುರ್ಚಿ ಮ್ಯಾಲ ಕುಂಡ್ರ ಬರ್ರಿ," ಎಂದರು ಮಾಸ್ತರರು. ಕೋಣೆಯೆಲ್ಲ ನಕ್ಕಿತು. "ಪುಸ್ತಕದಾಗ ಸುಳ್ಳ ಬರದಾರೇನ?"

"ಪುಸ್ತಕದ್ದು ನಂಗ ಗೊತ್ತಿಲ್ರಿ. ನಮ್ಮ ಆಕಳ ಸತ್ತಿದ್ದು ಖರೇರಿ."

ಮಾಸ್ತರರು ಬೆತ್ತವನ್ನು ನನ್ನತ್ತ ತಿರುಗಿಸಿದರು. "ನೀ ಹೇಳೋ ತಮ್ಮಾ, ಹಸರ ಎಲಿ ಯಾರಿಗಿ?"

"ದನಕ್ರಿ, ಸರ."

"ಶಾಭಾಸ್!"

ಆ ಶಾಭಾಸ್ ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಉಕ್ಕುತ್ತದೆ. ಶಿಕ್ಷೆಯೆಂದು ಅಕ್ಕ ಸಂಜೆಯವರೆಗೆ ಬಿಸಿಲಿನಲ್ಲಿ ಮೊಣಕಾಲೂರಿ ಕೂತಳು. ಕಲ್ಲುಮಣ್ಣು ಚುಚ್ಚಿ ರಕ್ತ ಬಂದಿತ್ತು. ಅಪ್ಪ ಬಂದು ತಪ್ಪೊಪ್ಪಿಕೊಳ್ಳದಿದ್ದರೆ ನಾವಿಬ್ಬರೂ ಸಾಲಿಗೆ ಬರಕೂಡದೆಂದು ಮಾಸ್ತರರು ಹೇಳಿ ಕಳಿಸಿದರು.

"ನೀ ಹೇಳಿದ್ದು ಖರೇ ಐತಿ, ಯವ್ವಾ," ಎಂದ ಅಪ್ಪ ಮನೆಯಲ್ಲಿ ಅಕ್ಕನಿಗೆ.

"ಹಂಗಾರ ನೀನಾರ ಬಂದು ಹೇಳಪ್ಪಾ!"

ಅಪ್ಪ ಹೊರಟ. ನಾವೂ ಹಿಂದೆ ಓಡಿದೆವು. ಮಾಸ್ತರರ ಮನೆಯ ಕಟ್ಟೆಯ ಕೆಳಗೆ ನಿಂತು ಅಪ್ಪ ತಲೆಯ ರುಮಾಲು ತೆಗೆದ. ಈಗ ಹೇಳುತ್ತಾನೆ ಅಂದುಕೊಂಡೆ.

"ತಪ್ಪಾತ್ರಿ. ಹುಡುಗಿನ್ನ ಮನ್ಯಾಗ ಇಟ್ಕೋತೇನ್ರಿ. ಹುಡುಗನ್ನಷ್ಟ ಕಲಸ್ರಿ."

ಅಕ್ಕ ಅಳಲಿಲ್ಲ. ಮನೆಗೆ ಬಂದು ತಾನು ಬರೆಯುತ್ತಿದ್ದ ಪಾಟಿಯನ್ನು ನನ್ನ ಚೀಲಕ್ಕೆ ಹಾಕಿದಳು.

ಮುಂದೆ ನಾನು ಧಾರವಾಡದಲ್ಲಿ ಪದವಿ ಪಡೆದೆ. ನಮ್ಮ ಮನೆತನದಲ್ಲಿ ನಾನೇ ಮೊದಲಿಗ. ಒಪ್ಪೊತ್ತು ಉಂಡು ಓದಿದ್ದೇನೆ. ಅದರ ಹೆಮ್ಮೆಯನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಆದರೆ ಆ ಜಾಗದಲ್ಲಿ ಮೊದಲು ನಿಲ್ಲಬೇಕಾದವಳು ಅಕ್ಕ.

ಮೊಮ್ಮಕ್ಕಳೇ, ನಿಮ್ಮ ಶಾಲೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿದವರಿಗೆ ಚಪ್ಪಾಳೆ ಹೊಡೆಯುತ್ತಾರಂತೆ. ಛಲೋ ಆಯಿತು. ಆದರೆ ಹೋದ ವಾರ ಅಕ್ಕ ಗೋಪನಕೊಪ್ಪದ ನಮ್ಮ ಮನೆಗೆ ಬಂದು ಇದೇ ಎಳೆ ಜೋಳದ ಮಾತು ಹೇಳಿದಾಗ ನೀವು ಕಿಸಕ್ಕನೆ ನಕ್ಕಿರಿ. ಆಮೇಲೆ ಫೋನಿನಲ್ಲಿ ಹುಡುಕಿ, "ಅಜ್ಜಾ, ಅಜ್ಜಿ ಹೇಳಿದ್ದು ಖರೇನ ಐತಿ! ಇದರಾಗ ಬಂದೈತಿ!" ಎಂದು ಕೂಗಿದಿರಿ. ಅಕ್ಕ ಸುಮ್ಮನೆ ನಕ್ಕಳು. ನನಗೆ ನಗು ಬರಲಿಲ್ಲ. ನಿಮ್ಮ ಫೋನು ಹುಟ್ಟುವ ಮೊದಲೂ ಅದು ಖರೆಯೇ ಆಗಿತ್ತು. ಅದನ್ನು ಹೇಳಿದ್ದಕ್ಕೇ ಅವಳ ಸಾಲಿ ಹೋಯಿತು.