ಖಮೀರ ಕೇಳಲು ಬಂದವಳು

ಹುಳಿಹಿಟ್ಟು ಬೇಕೆಂದು ಯಾರಾದರೂ ನಮ್ಮ ಬಾಗಿಲಿಗೆ ಬಂದರೆ, ಜಾಡಿಯ ಮುಚ್ಚಳ ತೆಗೆಯುವ ಮೊದಲು ನಾನು ಅವರನ್ನು ಒಂದು ಮಾತು ಕೇಳುತ್ತೇನೆ: ‘ಎಲ್ಲಾರೂ ಚಲೋ ಅದಾರಲ್ಲ?’ ಬಂದವರು ಇದನ್ನು ಹಳೆಯ ಕಾಲದವರ ಉಪಚಾರವೆಂದು ತಿಳಿದು ‘ಹೂಂ’ ಎನ್ನುತ್ತಾರೆ. ನಾನು ಅಷ್ಟಕ್ಕೆ ಬಿಡುವವಳಲ್ಲ. ಊರಲ್ಲಿ, ಬೀಗರಲ್ಲಿ, ನಮ್ಮ ಕಡೆಯವರಲ್ಲಿ, ಎಲ್ಲೂ ಏನೂ ಆಗಿಲ್ಲವಷ್ಟೆ ಎಂದು ಮತ್ತೊಮ್ಮೆ ವಿಚಾರಿಸಿ, ಅವರ ಮುಖವನ್ನು ಒಂದು ಗಳಿಗೆ ನೋಡಿ, ಆಮೇಲೆಯೇ ಚಮಚಕ್ಕೆ ಕೈ ಹಾಕುತ್ತೇನೆ. ಒಂದು ಚಮಚ ಹಿಟ್ಟಿಗೆ ಇಷ್ಟೊಂದು ವಿಚಾರಣೆಯೇ ಎಂದು ನಮ್ಮ ಸೊಸೆ ನಗುತ್ತಾಳೆ. ನಗಲಿ ಪಾಪ, ಈ ಪ್ರಶ್ನೆ ನನಗೆ ಜಾಡಿಯ ಜೊತೆಗೇ ಅವ್ವನಿಂದ ಬಂದದ್ದೆಂದು ಅವಳಿಗೇನು ಗೊತ್ತು?

ಮೊಸರಿಗೆ ಹೆಪ್ಪು ಹೇಗೋ ಡಬ್ಬಲ್ ರೊಟ್ಟಿಗೆ, ಅಂದರೆ ಬ್ರೆಡ್ಡಿಗೆ, ಈ ಹುಳಿಹಿಟ್ಟು ಹಾಗೆ. ಇಂದು ನಾದಿದ ಹಿಟ್ಟಿನಲ್ಲಿ ಒಂದು ಮುಷ್ಟಿ ಉಳಿಸಿ, ಅದಕ್ಕೆ ಹೊಸ ಹಿಟ್ಟು, ನೀರು ಉಣಿಸಿ ನಾಳೆಗೆ ಇಡುವುದು. ನಾಳೆಯದರಲ್ಲಿ ಮತ್ತೊಂದು ಮುಷ್ಟಿ ನಾಡಿದ್ದಿಗೆ. ನಮ್ಮದನ್ನು ಮೊದಲು ಹುದುಗಿಸಿದವಳು ಅವ್ವನ ತಾಯಿ, ನಮ್ಮಜ್ಜಿ. ಹರೆಯದಲ್ಲಿ ಆಕೆ ಬಳ್ಳಾರಿಯ ದಂಡಿನಲ್ಲಿ ಬಿಳಿಯ ದೊರೆಯೊಬ್ಬನ ಬಂಗಲೆಯ ಅಡುಗೆಗೆ ಹೋಗುತ್ತಿದ್ದಳು. ಗೋದಿಹಿಟ್ಟಿಗೆ ಈಚಲ ಸೇಂದಿ ಬೆರೆಸಿ ಉಬ್ಬಿಸುವುದನ್ನು ಅಲ್ಲಿಯೇ ಕಲಿತಳು. ದೊರೆ ಹಡಗು ಹತ್ತಿದ ಮೇಲೆ ಅಜ್ಜಿ ಜಾಡಿಯನ್ನು ಕಂಕುಳಲ್ಲಿಟ್ಟುಕೊಂಡು ಸಿರುಗುಪ್ಪದ ಮಗನ ಮನೆ ಸೇರಿದಳು. ಅನ್ನ ಉಣ್ಣುವ ಊರಲ್ಲಿ ಅದನ್ನು ಕೇಳುವವರು ಯಾರು? ಅವ್ವ ಮದುವೆಯಾಗಿ ಬಳ್ಳಾರಿಗೆ ಬರುವಾಗ ಅದರದೊಂದು ಪಾಲು ಜೊತೆಗೆ ಬಂತು. ಹೀಗೆ ಆ ಹಿಟ್ಟು ಇದ್ದದ್ದು ಎರಡೇ ಮನೆಗಳಲ್ಲಿ, ತಾಯಿಯಲ್ಲಿ ಮತ್ತು ಮಗಳಲ್ಲಿ.

ಯುದ್ಧದ ಕಾಲ ಅದು. ರೇಷನ್ನಿನಲ್ಲಿ ಜೋಳದ ಬದಲು ಗೋದಿ ಕೊಡಲು ಹತ್ತಿದಾಗ, ಬ್ರೂಸ್‌ಪೇಟೆಯ ಹಿಂದಿನ ನಮ್ಮ ಓಣಿಯವರೆಲ್ಲ ತಲೆಯ ಮೇಲೆ ಕೈ ಹೊತ್ತು ಕುಳಿತರೆ ಅವ್ವನೊಬ್ಬಳು ಗೆಲುವಾಗಿದ್ದಳು. ದಪ್ಪ ತಳದ ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡವಿಟ್ಟು ಅವಳು ರೊಟ್ಟಿ ಬೇಯಿಸಿದ ದಿನ ಓಣಿಯ ಹುಡುಗರೆಲ್ಲ ನಮ್ಮ ಕಟ್ಟೆಯ ಮೇಲೆಯೇ ಆಡುತ್ತಿದ್ದರು. ಬಳ್ಳಾರಿಯ ಬಿಸಿಲಿಗೆ ಹಿಟ್ಟು ಕೆಡದಿರಲೆಂದು ನೀರಿನ ಗಡಿಗೆಗಳ ಕೆಳಗಿನ ಹಸಿ ಉಸುಕಿನಲ್ಲಿ ಜಾಡಿಯನ್ನು ಹೂತಿಡುತ್ತಿದ್ದಳು. ಅಪ್ಪನ ಅಕ್ಕ, ಮಡಿವಂತೆ ಈರಮ್ಮತ್ತೆ, ಸೇಂದಿಯ ಹುಟ್ಟಿನಿಂದಾಗಿ ಅದಕ್ಕೆ ‘ಕುಡುಕ ಹಿಟ್ಟು’ ಎಂದೇ ಹೆಸರಿಟ್ಟಿದ್ದಳು. ತಾನು ಮುಟ್ಟುತ್ತಿರಲಿಲ್ಲ, ಅದು ಹೊಸ್ತಿಲು ದಾಟಿ ಇನ್ನೊಬ್ಬರ ಮನೆಗೆ ಹೋಗಲೂ ಬಿಡುತ್ತಿರಲಿಲ್ಲ. ಹಿತ್ತಲ ಗೋಡೆಯಾಚೆ ಮಾಬುಬಿಯ ಮನೆ. ಅವಳ ಗಂಡ ಬಸ್‌ಸ್ಟ್ಯಾಂಡಿನಲ್ಲಿ ಜಟ್ಕಾ ಹೊಡೆಯುತ್ತಿದ್ದ. ಅವ್ವ ಗೋಡೆಯ ಮೇಲಿಂದ ಕೊಟ್ಟ ಬಿಸಿ ರೊಟ್ಟಿಯನ್ನು ಮೂಸಿ ನೋಡಿ, ತನ್ನ ತವರಲ್ಲಿ ಖಮೀರ ಎನ್ನುವ ಹುಳಿಹಿಟ್ಟಿನದೂ ಇದೇ ವಾಸನೆ ಎಂದು ಆಕೆ ಕಣ್ಣು ಮುಚ್ಚುತ್ತಿದ್ದಳು. ಆದರೆ ನಮ್ಮತ್ತೆಯನ್ನು ಬಲ್ಲವಳಾದ್ದರಿಂದ, ಒಂದು ಚೂರು ಕೊಡು ಎಂದು ಎಂದೂ ಬಾಯಿಬಿಡಲಿಲ್ಲ.

ಒಮ್ಮೆ ಕುರುಗೋಡಿನಲ್ಲಿದ್ದ ನಮ್ಮ ದೊಡ್ಡಪ್ಪ ತೀರಿಕೊಂಡರು. ಸಾವಿನ ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಸೂತಕ. ಗಡಿಗೆಯ ನೀರು, ಬೇಯಿಸಿದ ಅಡುಗೆ, ಹೆಪ್ಪಿಟ್ಟ ಮೊಸರು, ಎಲ್ಲವೂ ಹೊರಗೆ. ಈರಮ್ಮತ್ತೆ ಹುಳಿಹಿಟ್ಟನ್ನೂ ತಿಪ್ಪೆಗೆ ಸುರುವಿದಳು. ಅವ್ವ ಎದುರಾಡಲಿಲ್ಲ, ಸೂತಕ ಕಳೆದ ಮರುದಿನವೇ ಬರಿದಾದ ಜಾಡಿಯನ್ನೂ ನನ್ನನ್ನೂ ಕಟ್ಟಿಕೊಂಡು ಸಿರುಗುಪ್ಪದ ಬಸ್ಸು ಹತ್ತಿದಳು. ಅಜ್ಜಿ ನಗುತ್ತಾ ಜಾಡಿ ತುಂಬಿಕೊಟ್ಟು ಹೇಳಿದಳು: ‘ನಾ ಇರೋತನಕ ನಿನಗ್ಯಾತರ ಚಿಂತಿ? ಬೇಕಾದಾಗ ಬಂದು ಒಯ್ಯಿ.’ ಅಂದೇ ಮರಳಿದ ಅವ್ವ ಸಂಜೆ ಗೋಡೆಯ ಬಳಿ ಮಾಬುಬಿಗೆ ಎಲ್ಲವನ್ನೂ ಹೇಳಿ, ತಾಯಿ ಇರುವ ತನಕವೇನೋ ಸರಿ, ಆಮೇಲೆ ಎಂದು ಕೇಳಿದಳು. ಅಜ್ಜಿ ಸತ್ತರೆ ಆ ಸಾವೇ ಎರಡು ಜಾಡಿಗಳನ್ನೂ ಬರಿದು ಮಾಡುತ್ತದೆಂಬುದು ಇಬ್ಬರಿಗೂ ಆ ದಿನ ತಿಳಿಯಿತು.

ಅದಾಗಿ ಕೆಲವು ವರ್ಷಗಳ ಮೇಲೆ, ಒಂದು ಬೇಸಿಗೆಯ ಮಧ್ಯಾಹ್ನ, ಅವ್ವ ಹಿಟ್ಟು ನಾದುತ್ತಿದ್ದಾಗ ಮಾಬುಬಿ ಗೋಡೆಯ ಕಡೆಯಿಂದಲ್ಲ, ಮುಂಬಾಗಿಲಿನಿಂದ ಬಂದಳು. ‘ಅಕ್ಕಾ, ಒಂದೀಟು ಖಮೀರ ಬೇಕಾಗಿತ್ತು’ ಎಂದಳು. ಅವ್ವನ ಸಂತೋಷ ಏನು ಹೇಳಲಿ! ಇಷ್ಟು ವರ್ಷ ಬಾಯಿ ಬಿಡದವಳು ಇಂದು ಕೇಳಬೇಕಾದರೆ ಸೂರ್ಯ ಯಾವ ದಿಕ್ಕಿಗೆ ಹುಟ್ಟಿದ್ದಾನೋ ಎಂದು ಚೇಷ್ಟೆ ಮಾಡುತ್ತ ಚಮಚ ಹುಡುಕಿದಳು. ಪಾತ್ರೆ ತಂದಿಲ್ಲ, ಜಾಡಿಯನ್ನೇ ಒಯ್ದು ಮರಳಿಸುತ್ತೇನೆಂದಳು ಮಾಬುಬಿ. ಒಳಕೋಣೆಯಲ್ಲಿ ಜಪಕ್ಕೆ ಕುಳಿತಿದ್ದ ಅತ್ತೆಯ ಕಡೆ ಒಮ್ಮೆ ನೋಡಿ ಅವ್ವ ಜಾಡಿಯನ್ನು ಎತ್ತಿ ಕೊಟ್ಟುಬಿಟ್ಟಳು. ಮಾಬುಬಿ ಅದನ್ನು ಸೆರಗಿನಡಿ ಒಯ್ದು, ತನ್ನ ಮನೆಯಲ್ಲಿಟ್ಟು, ಮತ್ತೆ ಬಂದಳು. ದಿನಕ್ಕೆ ಎಷ್ಟು ಹಿಟ್ಟು ಉಣಿಸಬೇಕೆಂದು ಅವ್ವ ಇನ್ನೂ ನಗುನಗುತ್ತ ಹೇಳುತ್ತಿದ್ದಳು. ಹಿಟ್ಟು ಮೆತ್ತಿದ ಅವಳ ಎರಡೂ ಕೈಗಳನ್ನು ಮಾಬುಬಿ ಹಿಡಿದುಕೊಂಡಳು.

‘ಅಕ್ಕಾ, ಸಿರುಗುಪ್ಪದಿಂದ ಸುದ್ದಿ ಬಂದೈತಿ. ನಿಮ್ಮವ್ವಾರು ಹೋಗಿಬಿಟ್ರು.’

ಬಸ್ಸಿನವರು ತಂದ ಸುದ್ದಿಯನ್ನು ಕೇಳಿದ ಅವಳ ಗಂಡ ಜಟ್ಕಾವನ್ನು ಆಗಲೇ ನಮ್ಮ ಬಾಗಿಲಿಗೆ ತಂದು ನಿಲ್ಲಿಸಿದ್ದ. ಅವ್ವ ಹಿಟ್ಟಿನ ಕೈಯಲ್ಲೇ ಹತ್ತಿ ಹೋದಳು. ನಾನು ಅತ್ತೆಯ ಜೊತೆ ಉಳಿದೆ. ಆಕೆ ಗಡಿಗೆಗಳ ನೀರು ಚೆಲ್ಲಿ, ಮೊಸರು ಚೆಲ್ಲಿ, ಕೊನೆಗೆ ಉಸುಕಿನ ಬಳಿ ಬಂದಳು. ಅಲ್ಲಿ ಜಾಡಿ ಕುಳಿತ ಗುಂಡನೆಯ ಗುರುತು ಮಾತ್ರ ಇತ್ತು. ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಆಮೇಲೆ ಉಸುಕನ್ನು ಕೈಯಿಂದ ಸವರಿ ಗುರುತು ಅಳಿಸಿ, ಕಸಬರಿಗೆ ತಾ ಎಂದಳು.

ಕೊಟ್ಟ ಹೆಣ್ಣುಮಗಳಿಗೆ ತವರಿನ ಸೂತಕ ಮೂರೇ ದಿನ. ನಾಲ್ಕನೆಯ ದಿನ ಅವ್ವ ತಲೆಗೆ ನೀರು ಹಾಕಿಕೊಂಡು ಹಿತ್ತಲಿಗೆ ಬಂದಾಗ ಮಾಬುಬಿ ಜಾಡಿಯನ್ನು ಗೋಡೆಯ ಮೇಲಿಟ್ಟಳು. ಅವ್ವ ಮುಟ್ಟಲಿಲ್ಲ. ‘ನಮ್ಮವ್ವ ಸತ್ತು ಮಲಗಿದ್ಲು, ನಾ ನಿನ್ನ ಮುಂದ ನಕ್ಕೊಂತ ನಿಂತಿದ್ದೆ. ನಗಾಕ ಬಿಟ್ಟೆಲ್ಲ ನೀ’ ಎಂದಳು. ಅವಳ ದನಿಯಲ್ಲಿ ಅಂಥ ಸಿಟ್ಟನ್ನು ನಾನು ಕೇಳಿರಲಿಲ್ಲ.

‘ಹೌದಕ್ಕಾ, ಬಿಟ್ಟೆ’ ಎಂದಳು ಮಾಬುಬಿ. ‘ನಿನ್ನ ಕಣ್ಣೀರು ಎಲ್ಲಿಗೂ ಹೋಗ್ತಿರಲಿಲ್ಲ. ಇದು ಹೋಗ್ತಿತ್ತು.’

ಅವ್ವ ಮುಚ್ಚಳ ತೆಗೆದಳು. ಹಿಟ್ಟು ಕಂಠದವರೆಗೆ ಉಬ್ಬಿತ್ತು. ಸಿರುಗುಪ್ಪದಲ್ಲಿ ಅಜ್ಜಿಯ ಜಾಡಿ ತಿಪ್ಪೆಗೆ ಹೋದದ್ದನ್ನು ಕಣ್ಣಾರೆ ಕಂಡು ಬಂದವಳು, ಆ ವಾಸನೆಗೆ ಗೋಡೆಗೆ ಹಣೆ ಹಚ್ಚಿ ಅತ್ತುಬಿಟ್ಟಳು. ಒಳಗಿನಿಂದ ಈರಮ್ಮತ್ತೆಯ ದನಿ ಬಂತು: ‘ದಿನಾ ಹಿಟ್ಟು ಉಣಿಸ್ಯಾಳೇನು ಕೇಳು ಅದಕ್ಕ.’

ಅರ್ಧ ಹಿಟ್ಟು ಅಂದೇ ಮಾಬುಬಿಯದಾಯಿತು. ಆಮೇಲೆ ಅವ್ವ ಕೇಳಿದವರಿಗೂ ಕೊಟ್ಟಳು, ಕೇಳದವರಿಗೂ ಕೊಟ್ಟಳು. ಕೊಳಗಲ್ಲಿನಿಂದ ಮಜ್ಜಿಗೆ ಮಾರಲು ಬರುತ್ತಿದ್ದವಳ ಗಡಿಗೆಯಲ್ಲೂ ಅದು ಪ್ರಯಾಣ ಮಾಡಿತು. ಎಲ್ಲರ ಮನೆಯಲ್ಲೂ ಒಂದೇ ದಿನ ಸಾವಾಗುವುದಿಲ್ಲ ಎಂಬುದು ಅವಳ ಲೆಕ್ಕ. ಬಚ್ಚಿಟ್ಟದ್ದು ಉಳಿಯುತ್ತದೆಂದು ನಾವು ನಂಬುತ್ತೇವೆ. ನನಗಂತೂ ಈ ಜಾಡಿ ಕಲಿಸಿದ್ದು ಬೇರೆ. ಇನ್ನೊಬ್ಬರ ಸೂರಿನಡಿ ಇದ್ದದ್ದೇ ನಮಗೆ ಉಳಿದದ್ದು. ಆದರೆ ಕೊಡುವ ಮೊದಲು ಎಲ್ಲರೂ ಚಲೋ ಅದಾರೇನು ಎಂದು ಕೇಳುವುದನ್ನು ಅವ್ವ ಕೊನೆಯವರೆಗೂ ಬಿಡಲಿಲ್ಲ. ನಾನೂ ಬಿಟ್ಟಿಲ್ಲ.

ಒಬ್ಬಳನ್ನು ಮಾತ್ರ ಕೇಳಲಿಲ್ಲ. ನಾನು ಮದುವೆಯಾಗಿ ಕೋಟೆಯ ಕಡೆಯ ಓಣಿಯಲ್ಲಿ ಸಂಸಾರ ಹೂಡಿದ ಹೊಸತು. ಒಂದು ಬೆಳಿಗ್ಗೆ ಬಾಗಿಲಲ್ಲಿ ಜಟ್ಕಾ ನಿಂತಿತು. ಇಳಿದವಳು ಮಾಬುಬಿ. ‘ಒಂದೀಟು ಖಮೀರ ಬೇಕಾಗಿತ್ತವಾ’ ಎಂದಳು. ಅವಳ ಮನೆಯಲ್ಲಿ ಅದು ಜಾಡಿ ತುಂಬ ಇತ್ತು. ನನಗೂ ಗೊತ್ತಿತ್ತು, ನನಗೆ ಗೊತ್ತೆಂದು ಅವಳಿಗೂ ಗೊತ್ತಿತ್ತು. ನಾನು ಚಮಚ ಹುಡುಕಲಿಲ್ಲ. ಉಸುಕಿನಿಂದ ಜಾಡಿಯನ್ನೇ ಎತ್ತಿ ಅವಳ ಕೈಗೆ ಕೊಟ್ಟು, ಅವಳು ಅದನ್ನು ಸೆರಗಿನಡಿ ಮುಚ್ಚಿ ಜಟ್ಕಾದಲ್ಲಿಟ್ಟು ಬರುವವರೆಗೆ ಬಾಗಿಲ ಚೌಕಟ್ಟು ಹಿಡಿದು ನಿಂತೆ. ಆಮೇಲೆ ಕೇಳಿದೆ:

‘ಅವ್ವ ಯಾವಾಗ ಹೋದ್ಲು?’