ನೀಲಿ ಮಾಸಿದ ರಿವಾಲ್ವರ್

ಖಜಾನೆ ತಾತ ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಹೆಸರು ಕೇಳಿ ಭಾರೀ ಆಸಾಮಿ ಎಂದುಕೊಳ್ಳಬೇಡಿ. ಖಜಾನೆ ಸರ್ಕಾರದ್ದು, ಇವರು ಅದರ ಬಾಗಿಲು ಕಾಯ್ದವರು, ಅಷ್ಟೇ. ಸೊಂಟಕ್ಕೊಂದು ರಿವಾಲ್ವರ್ ಕಟ್ಟಿಕೊಂಡು ಇಡೀ ನೌಕರಿ ಮುಗಿಸಿದರು, ಒಂದೇ ಒಂದು ಗುಂಡು ಹಾರಿಸಲಿಲ್ಲ. ಕಳ್ಳರಿಗೆ ಅವರ ಮೀಸೆಯೇ ಸಾಕಾಗಿತ್ತೇನೋ! ನಿವೃತ್ತಿಯ ದಿನ ಮೇಲಿನವರು ಆ ಓಬೀರಾಯನ ಕಾಲದ ರಿವಾಲ್ವರಿನಿಂದ ಗುಂಡು ಹಾರದಂತೆ ಮಾಡಿಸಿ, ಅದನ್ನೇ ನೆನಪಿನ ಕಾಣಿಕೆಯಾಗಿ ಅವರ ಕೈಗಿಟ್ಟರು.

ಈಗ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ತಾತ ಬಂದೂಕು ರಿಪೇರಿಯವನ ಅಂಗಡಿಗೆ ಬಂದಿದ್ದರು.

"ಹೊಸದರ ಹಂಗೆ ಮಾಡ್ಕೊಡಪ್ಪ. ನನ್ನ ಮದುವೆ ಟೈಮಲ್ಲಿ ಹೆಂಗಿತ್ತೋ ಹಂಗೆ."

ರಿಪೇರಿಯವನು ಕನ್ನಡಕ ಏರಿಸಿಕೊಂಡು ತಿರುಗಿಸಿ ಮುರುಗಿಸಿ ನೋಡಿದ. ಉಕ್ಕಿನ ಮೇಲಿದ್ದ ಕಡುನೀಲಿ ಬಣ್ಣ ಚರ್ಮದ ಚೀಲಕ್ಕೆ ಉಜ್ಜಿ ಉಜ್ಜಿ ಮಾಸಿಹೋಗಿತ್ತು. ಮರದ ಹಿಡಿ ಸವೆದು ನುಣ್ಣಗಾಗಿತ್ತು, ಅದರ ಬುಡದಲ್ಲಿ ಮಾತ್ರ ಗುಳಿಯೋ ಗುಳಿ.

"ಇದೇನ್ ತಾತ, ಯಾರ ತಲೆಗಾದ್ರೂ ಬಾರಿಸಿದ್ರಾ?"

"ತಲೆಗಲ್ಲಪ್ಪ, ಗೋಡೆಗೆ. ನಿಮ್ಮಜ್ಜಿ ಮೊಳೆ ಹೊಡೆದಿದ್ದು!"

ಹೇಳುತ್ತಲೇ ತಾತನಿಗೆ ನಗು ಬಂತು. ರಾತ್ರಿ ಪಾಳಿ ಮುಗಿಸಿ ಬಂದು, ಗುಂಡು ತೆಗೆದಿಟ್ಟು ಅವರು ಹಾಸಿಗೆಗೆ ಬೀಳುವುದೇ ತಡ, ಅಜ್ಜಿ ನಳಿಗೆ ಹಿಡಿದು ಕೆಲಸ ಶುರು ಮಾಡುತ್ತಿದ್ದರು. ಕ್ಯಾಲೆಂಡರಿಗೆ ಒಂದು ಮೊಳೆ, ಕನ್ನಡಿಗೆ ಒಂದು, ಮಗಳ ಸ್ಕೂಲ್ ಬ್ಯಾಗಿಗೆ ಒಂದು. ಸುತ್ತಿಗೆ ತಂದುಕೊಟ್ಟರೂ ಆಕೆ ಮುಟ್ಟಲಿಲ್ಲ. ಇದೇ ಕೈಗೆ ಚೆನ್ನಾಗಿ ಕೂತಿತ್ತಂತೆ. ಸರ್ಕಾರದ ಆಯುಧ ಕೊಟ್ಟ ಏಟೆಲ್ಲ ಬಿದ್ದದ್ದು ಆ ಎರಡು ಕೋಣೆಯ ಮನೆಯ ಗೋಡೆಗೇ. ಠಕಠಕ ಸದ್ದು, ಉದುರುವ ಸುಣ್ಣ, ಬಾಯಲ್ಲಿ ಮೊಳೆ ಕಚ್ಚಿಕೊಂಡು ಸ್ಟೂಲಿನ ಮೇಲೆ ನಿಂತ ಹೆಂಡತಿ. ಎಂಥ ದಿನಗಳು ಅವು!

ನಗು ಇಳಿದ ಮೇಲೆ ತಾತ ಬಂದ ವಿಷಯ ಹೇಳಿದರು. ಅಜ್ಜಿಗೆ ಮರೆವಿನ ಕಾಯಿಲೆ. ಮೊದಮೊದಲು ಬೀಗದ ಕೈ ಮರೆತರು, ಆಮೇಲೆ ಪಕ್ಕದ ಮನೆಯವರನ್ನು, ಈಗ ಕಟ್ಟಿಕೊಂಡ ಗಂಡನನ್ನೇ.

"ದಿನಾ ಬೆಳಗ್ಗೆ ನೀವ್ಯಾರು ಅಂತ ಕೇಳ್ತಾಳಪ್ಪ. ಮೊದಲ್ನೇ ಸಲ ಅವಳು ನನ್ನ ನೋಡಿದಾಗ ಇದು ಸೊಂಟದಲ್ಲಿ ಫಳಫಳ ಅಂತಿತ್ತು. ಹಂಗೇ ಕಟ್ಕೊಂಡು ಎದುರಿಗೆ ನಿಂತ್ರೆ ಗುರುತು ಹಿಡೀತಾಳೇನೋ ಅಂತ."

ರಿಪೇರಿಯವನು ರಿವಾಲ್ವರನ್ನು ಮೆಲ್ಲಗೆ ಟವೆಲಿನ ಮೇಲಿಟ್ಟ.

"ನೀಲಿ ಹಿಡಿಸೋದೇನು ದೊಡ್ಡದಲ್ಲ ತಾತ. ಆದ್ರೆ ಹೊಸದರ ಹಂಗೆ ಆಗ್ಬೇಕಂದ್ರೆ ಮರದ ಹಿಡೀನೂ ತೇಯ್ಬೇಕು, ಗುಳಿ ಎಲ್ಲಾ ಹೋಗುತ್ತೆ. ತೇಯ್ದ ಮೇಲೆ ಅತ್ರೂ ವಾಪಸ್ ಬರಲ್ಲ. ಅಜ್ಜಿ ಜಾಸ್ತಿ ವರ್ಷ ನೋಡಿದ್ದು ಯಾವುದನ್ನ? ಹೊಸದನ್ನೋ, ಇದನ್ನೋ? ಮೊದಲು ಹಿಂಗೇ ಕೈಗೆ ಕೊಟ್ಟು ನೋಡಿ."

ತಾತನಿಗೆ ಮನಸ್ಸಿರಲಿಲ್ಲ. ಆದರೂ ಮನೆಗೆ ಬಂದು, ಕಿಟಕಿ ಪಕ್ಕ ಕೂತಿದ್ದ ಅಜ್ಜಿಯ ಮಡಿಲಲ್ಲಿ ಅದನ್ನಿಟ್ಟು ಉಸಿರು ಬಿಗಿಹಿಡಿದು ನಿಂತರು.

ಅಜ್ಜಿಯ ಬೆರಳು ಗುಳಿಗಳ ಮೇಲೆ ಓಡಾಡಿತು. ಕೈ ತಾನಾಗಿಯೇ ನಳಿಗೆಯನ್ನು ಹಿಡಿಯಿತು. ಮುಖ ಅರಳಿತು. ಮರುಗಳಿಗೆಯೇ ಗಾಬರಿಯಾಗಿ ಅದರ ಮೇಲೆ ಟವೆಲ್ ಮುಚ್ಚಿದರು.

"ಇದು ನಮ್ಮನೆಯವರದ್ದು," ಎಂದರು ದನಿ ತಗ್ಗಿಸಿ. "ಒಳಗೆ ಮಲಗಿದಾರೆ. ಎದ್ರೆ ಬೈತಾರೆ. ನಾನು ಮುಟ್ಟಿದೆ ಅಂತ ಹೇಳ್ಬಿಡಬೇಡಿ."

ಅಷ್ಟು ವರ್ಷದ ಸಂಸಾರದಲ್ಲಿ ಆಕೆಗೆ ನೆನಪುಳಿದದ್ದು ತಾತನ ಬೈಗುಳವೇ! ತಾತ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತರು.

"ಬೈಯಲ್ಲ ಬಿಡಮ್ಮ."

"ನಿಮಗೆ ಹೆಂಗೆ ಗೊತ್ತು?"

"ನನ್ ಹತ್ರ ಹೇಳಿದಾರೆ. ಎಷ್ಟು ಮೊಳೆ ಬೇಕೋ ಹೊಡ್ಕೊಳ್ಲಿ ಅಂದ್ರು."

ಅಜ್ಜಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಂಬಿಕೆ ಬಂದ ಹಾಗೆ ಕಾಣಲಿಲ್ಲ.

"ಹಂಗಂದ್ರಾ? ಹಂಗಾದ್ರೆ ಅವರು ಏಳೋವರೆಗೂ ನೀವು ಎಲ್ಲೂ ಹೋಗ್ಬೇಡಿ," ಎಂದು ಅವರ ಕೈ ಹಿಡಿದುಕೊಂಡರು.